ಊಟ ಬಿಟ್ಟ ಮಕ್ಕಳೂ ನಮ್ಮ ಚಲನಚಿತ್ರಗಳೂ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಭವಿಸಿದ ದುರಂತವೊಂದನ್ನು ನಮ್ಮ ವಾಚಕರು ಮರೆತಿರಲಾರರು. ಕನ್ನಡ ಧಾರಾವಾಹಿಗಳಲ್ಲಿ ಅಭಿನಯಿಸುತ್ತಿದ್ದ 21 ವರ್ಷದ ತರುಣಿಯೊಬ್ಬಳು ಮೈಯ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅಸುನೀಗಿದಳು. ತಂದೆತಾಯಿಗಳಿಗೆ ತಿಳಿಸದೆಯೇ ಆಕೆ ಹೋಗಿದ್ದಳೆಂದು ಆಗ ವರದಿಯಾಗಿತ್ತು. ಆಕೆಗೆ ಆಹಾರ ಸಂಬಂಧವಾದ ಮನೋವ್ಯಾಧಿಯಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಮೈ ತೆಳುವಾಗಬೇಕೆಂಬ ಚಿಂತೆ ಒಂದು ಎಳೆಯ ಜೀವವನ್ನು ಎಲ್ಲಿಗೆ ಒಯ್ಯಬಲ್ಲುದು, ಮನೆಯವರಿಗೆ ಅದು ಹೇಗೆ ಗೊತ್ತಾಗದೆ ಉಳಿಯಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಚಿಂತೆಯನ್ನು ಬಿತ್ತುವುದರಲ್ಲಿ ಚಲನಚಿತ್ರಗಳ ಪಾಲು ಸಣ್ಣದಲ್ಲ. 1957ರ ‘ಮಾಯಾ ಬಜಾರ್’ನಲ್ಲಿ ಘಟೋತ್ಕಚನು ಮದುವೆಯ ಅಡಿಗೆಯನ್ನೆಲ್ಲ ಒಬ್ಬನೇ ತೀರಿಸುವುದನ್ನು ಕಂಡು ನಾವೆಲ್ಲ ನಕ್ಕಿದ್ದೇವೆ, ಅದು ನಿರ್ಮಲವಾದ ನಗೆ. ಆದರೆ ಸ್ಥೂಲಕಾಯದ ಹೆಂಗಸೆಂದರೆ ಹಾಸ್ಯಕ್ಕೇ ಮೀಸಲು ಎಂಬ ರೂಢಿ ನಿರ್ಮಲವಾದುದಲ್ಲ. 2015ರಲ್ಲಿ ಎರಡು ಚಿತ್ರಗಳು ಈ ರೂಢಿಯನ್ನು ಪ್ರಶ್ನಿಸಿದವು. ಹಿಂದಿಯ ‘ದಮ್ ಲಗಾ ಕೆ ಹೈಶಾ’ ದಪ್ಪಗಿನ ಹೆಂಡತಿಯ ಬಗ್ಗೆ ನಾಚುವ ಗಂಡನ ಕಥೆ. ತೆಲುಗಿನ ‘ಸೈಜ್ ಝೀರೋ’ ಚಿತ್ರಕ್ಕಾಗಿ ಮಂಗಳೂರು ಮೂಲದ ಅನುಷ್ಕಾ ಶೆಟ್ಟಿಯವರು ತಮ್ಮ ದೇಹದ ತೂಕವನ್ನೇ ಹೆಚ್ಚಿಸಿಕೊಂಡರು. ಮಗಳ ಮದುವೆಯ ಚಿಂತೆಯಿಂದ ತಾಯಿ ಆಕೆಯ ಮೈಯನ್ನು ಕುರಿತು ಆಡುವ ಮಾತುಗಳು ನಮ್ಮ ಮನೆಗಳಲ್ಲಿ ಕೇಳದವುಗಳೇನಲ್ಲ.

ಆದರೂ ಊಟವನ್ನೇ ತೊರೆಯುವ ವ್ಯಾಧಿಯ ತನಕ ನಮ್ಮ ಚಿತ್ರಗಳು ಹೋಗುವುದು ವಿರಳ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟನು. ಮನೋವ್ಯಾಧಿಗಳಲ್ಲಿ ಅತಿ ಹೆಚ್ಚು ಸಾವುಗಳನ್ನು ತರುವವುಗಳ ಸಾಲಿಗೆ ಇದು ಸೇರಿದೆ. 2017ರ ಇಂಗ್ಲಿಷ್ ಚಿತ್ರ ‘ಟು ದಿ ಬೋನ್’ ಇದನ್ನೇ ವಸ್ತುವಾಗಿಸಿಕೊಂಡಿತು. ಅದರಲ್ಲಿ ರೋಗಿಯ ತಂದೆ ತೆರೆಯ ಮೇಲೆ ಬರುವುದೇ ಇಲ್ಲ. ಕೊನೆಗೆ ತಾಯಿ ಬೆಳೆದ ಮಗಳಿಗೆ ಶಿಶುವಿನಂತೆ ಸೀಸೆಯಿಂದ ಹಾಲೂಡುತ್ತಾಳೆ. ನೋಡುವವರ ಕಣ್ಣು ಒದ್ದೆಯಾಗುವುದು ನಿಜ. ಆದರೆ ಒಂದು ರಾತ್ರಿಯ ಮಮತೆಯಿಂದ ಗುಣವಾಗುವ ರೋಗವಲ್ಲ ಇದು.

ಹಿಂದೆ ವೈದ್ಯರು ಮನೆಯವರನ್ನೇ ದೂಷಿಸಿ, ರೋಗಿಯನ್ನು ಅವರಿಂದ ದೂರವಿರಿಸುತ್ತಿದ್ದುದುಂಟು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೇರೊಂದು ಕ್ರಮ ರೂಪುಗೊಂಡಿತು: ತಂದೆತಾಯಿಗಳು ಅಪರಾಧಿಗಳಲ್ಲ, ಚಿಕಿತ್ಸೆಯಲ್ಲಿ ಸಹಾಯಕರು, ಹೊತ್ತುಹೊತ್ತಿಗೆ ಮಗುವಿನ ಪಕ್ಕದಲ್ಲಿ ಕುಳಿತು, ಬಯ್ಯದೆ, ಆದರೆ ಬಿಡದೆ ಉಣ್ಣಿಸುವುದು ಅವರ ಕರ್ತವ್ಯ. ಇದಕ್ಕೆ ತಿಂಗಳುಗಳೇ ಬೇಕು. ಇಂಥ ತಾಳ್ಮೆಯ ಚಿತ್ರಣವೇ ತೆರೆಯ ಮೇಲೆ ಬರಬೇಕಾದುದು.

ನಮ್ಮ ವಾಚಕರಲ್ಲಿ ಅನೇಕರು ಪರರಿಗೆ ಬಡಿಸಿ ಬದುಕುವವರು. 2018ರ ಮರಾಠಿ ಚಿತ್ರ ‘ಗುಲಾಬ್‌ಜಾಮ್’ ಇದೇ ಪುಣೆಯಲ್ಲಿ ಡಬ್ಬಿ ಊಟ ಮಾಡಿಕೊಡುವ ಒಂಟಿ ಹೆಂಗಸೊಬ್ಬಳ ಕಥೆ. ಅನ್ನ ಬಡಿಸುವವರೂ ಉಣ್ಣುವವರೂ ಒಬ್ಬರಿಗೊಬ್ಬರು ಆಸರೆಯಾಗಬಲ್ಲರೆಂಬುದನ್ನು ಅದು ತೋರಿಸಿತು. ಆದರೆ ನಮ್ಮ ಸ್ವಂತ ಮಕ್ಕಳು? ಅವರು ಊರಿನಲ್ಲಿ, ನಾವು ಇಲ್ಲಿ. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಫೋನಿನಲ್ಲಿ “ಊಟ ಆಯಿತೇ ಮಗಳೇ?” ಎಂದು ಕೇಳುತ್ತೇವೆ, “ಆಯಿತು ಅಪ್ಪ” ಎಂಬ ಉತ್ತರ ಬರುತ್ತದೆ. ಆ ಮಾತಿನ ಹಿಂದೆ ಬರಿದಾದ ಹೊಟ್ಟೆಯೊಂದು ಇರಬಹುದೆಂಬ ಶಂಕೆ ನಮಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ಹೋಗಿ ನೋಡಿದಾಗ ಮಗು ಸೊರಗಿದ್ದರೆ ಹಟವೆನ್ನುತ್ತೇವೆ, ದೃಷ್ಟಿಯಾಯಿತೆನ್ನುತ್ತೇವೆ. ಉಂಡ ಕೂಡಲೆ ಬಚ್ಚಲಿಗೆ ಹೋಗುವುದು, ಎಲ್ಲರೊಡನೆ ಊಟಕ್ಕೆ ಕೂಡದಿರುವುದು, ತಲೆಸುತ್ತು, ಮುಟ್ಟು ನಿಲ್ಲುವುದು, ಇವನ್ನು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಗಂಡುಮಕ್ಕಳಿಗೂ ಈ ವ್ಯಾಧಿ ತಪ್ಪಿದುದಲ್ಲ.

2022ರ ಅಕ್ಟೋಬರ್ 10ರಂದು ಸರಕಾರವು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ‘ಟೆಲಿ ಮಾನಸ್’ ಸೇವೆಗೆ 14416ರಲ್ಲಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

1960ರಲ್ಲಿ ಚಲನಚಿತ್ರ ಶಿಕ್ಷಣ ಸಂಸ್ಥೆ ಸ್ಥಾಪನೆಯಾದುದು ಇದೇ ನಗರದಲ್ಲಿ. ಅಲ್ಲಿ ಕಲಿಯುವ ತರುಣರು ಈ ವಸ್ತುವನ್ನು ಕೈಗೆತ್ತಿಕೊಂಡರೆ ಉಪಕಾರವಾದೀತು. ಆದರೆ ಅವರ ಚಿತ್ರಕ್ಕಾಗಿ ಕಾಯದೆ ಇಂದು ರಾತ್ರಿಯೇ ಮಾಡಬಹುದಾದ ಕೆಲಸವೊಂದುಂಟು. “ಊಟ ಆಯಿತೇ?” ಎಂದು ಕೇಳಿ ಫೋನು ಇಡಬೇಡಿರಿ. “ಏನು ಉಂಡೆ? ಯಾರ ಜೊತೆ ಉಂಡೆ? ಮನಸ್ಸು ಹೇಗಿದೆ?” ಎಂದೂ ಕೇಳಿರಿ, ಉತ್ತರ ಬರುವ ತನಕ ತಾಳಿಕೊಂಡಿರಿ.