ತಪ್ಪು ತೋರಿಸಿದವರೇ ತಪ್ಪಿತಸ್ಥರೆ?

ಕರಿಹಲಗೆಯ ಮೇಲೆ ನಾನು ಬರೆದ ಲೆಕ್ಕದಲ್ಲಿ ತಪ್ಪಿದ್ದರೆ ಮಕ್ಕಳು ಎದ್ದು ನಿಂತು ಹೇಳುತ್ತಾರೆ. ಒಂದು ಕ್ಷಣ ನನ್ನ ಮುಖ ಕೆಂಪಗಾಗುತ್ತದೆ, ನಿಜ. ಆದರೆ ಹೇಳಿದ ಹುಡುಗಿಯನ್ನು ಹೊರಗೆ ನಿಲ್ಲಿಸಿದರೆ ಲೆಕ್ಕ ಸರಿಹೋಗುವುದೇ? 2010ರಲ್ಲಿ ನಮ್ಮ ದೇಶ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಚುನಾವಣೆ ಬಂತೆಂದರೆ ನಮ್ಮಂಥ ಶಿಕ್ಷಕಿಯರಿಗೆ ಮತಗಟ್ಟೆಯ ಕೆಲಸ ತಪ್ಪಿದ್ದಲ್ಲ. ಮನೆಯಲ್ಲಿ ಸಾರು-ಪಲ್ಯ ಮಾಡಿಟ್ಟು, ಹಿಂದಿನ ದಿನವೇ ಮತಯಂತ್ರದೊಡನೆ ಬಸ್ಸು ಹತ್ತುತ್ತೇವೆ. ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ. ಸಂಜೆ ದಾರ, ಅರಗು, ಮುದ್ರೆ. ಯಂತ್ರ ತಯಾರಾಗುವುದು ನಮ್ಮ ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಗಳಲ್ಲಿ. ಮುದ್ರೆ ಒತ್ತಿದ ಕೈ ನನ್ನದು. ಒಳಗೇನಿದೆಯೆಂದು ಮಾತ್ರ ನನಗೆ ತಿಳಿದಿರಲಿಲ್ಲ.

ತಿಳಿಯಹೊರಟವರು ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ನೆದರ್‌ಲೆಂಡ್ಸಿನ ರಾಪ್ ಗಾಂಗ್ರೈಪ್ ಮತ್ತು ಸಂಗಡಿಗರು. ಒಂದು ಯಂತ್ರವನ್ನು ಬಿಚ್ಚಿ ನೋಡಿದರು. ಫಲಿತಾಂಶ ತೋರಿಸುವ ಫಲಕದ ಜಾಗದಲ್ಲಿ ಅದರಂತೆಯೇ ಕಾಣುವ ಇನ್ನೊಂದನ್ನು ಕೂರಿಸಿದರೆ ಮೊಬೈಲ್ ಫೋನಿನಿಂದಲೇ ಅಂಕಿ ಬದಲಿಸಬಹುದೆಂದು ತೋರಿಸಿದರು. ಯಂತ್ರಗಳಿಗೆ ಕಾವಲಿದೆ, ಮುದ್ರೆಯಿದೆ, ಹಾಗೆಲ್ಲ ಕೈಹಾಕಲಾಗದು ಎಂದಿತು ಚುನಾವಣಾ ಆಯೋಗ. ಆ ಮಾತಿಗೂ ತೂಕವಿದೆ. ಹಾಗಿದ್ದರೆ ವಾದಕ್ಕೆ ವಾದ ನಡೆಯಬೇಕಿತ್ತು. ನಡೆದದ್ದೇನು? ಆಗಸ್ಟ್‌ನಲ್ಲಿ ಪೊಲೀಸರು ಹರಿಪ್ರಸಾದರನ್ನು ಬಂಧಿಸಿ ಮುಂಬೈಗೆ ಕರೆದೊಯ್ದರು. ಸರ್ಕಾರದ ವಶದಲ್ಲಿದ್ದ ಯಂತ್ರ ಕಳವಾಗಿದೆ ಎಂಬುದು ದೂರು. ಜಾಮೀನು ಸಿಗಲು ಸುಮಾರು ಒಂದು ವಾರ ಹಿಡಿಯಿತು. ಅಕ್ಟೋಬರಿನಲ್ಲಿ ಅವರದೇ ಸಂಶೋಧನಾ ಪ್ರಬಂಧ ಷಿಕಾಗೋದ ವಿದ್ವಾಂಸರ ಸಮ್ಮೇಳನದಲ್ಲಿ ಮಂಡನೆಯಾಯಿತು!

ಯಂತ್ರ ಯಾರ ಕೈಯಿಂದ ಬಂತೆಂದು ತನಿಖೆಯಾಗಲಿ, ಬೇಡವೆಂದವರಾರು? ಆದರೆ ಪರೀಕ್ಷೆಗೆ ಯಂತ್ರವನ್ನು ನೇರ ದಾರಿಯಲ್ಲೇ ಕೊಟ್ಟಿದ್ದರೆ ಅಡ್ಡದಾರಿಯ ಮಾತೇ ಏಳುತ್ತಿರಲಿಲ್ಲ. ಬೀಗ ಸಡಿಲವಿದೆ ಎಂದವನನ್ನೇ ಕಳ್ಳನೆಂದರೆ ನಿಜವಾದ ಕಳ್ಳನಿಗೆ ಹಬ್ಬ.

ಮತಕ್ಕೆ ಕಾಗದದ ಸಾಕ್ಷಿ ಬೇಕೇ ಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ಚೀಟಿ ತೋರಿಸುವ ಪೆಟ್ಟಿಗೆ ಬಂತು. ಇದೆಲ್ಲ ಆ ಮೂವರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಸಂಶಯಪಟ್ಟವರು ದೇಶದ್ರೋಹಿಗಳಲ್ಲ ಎಂಬುದಂತೂ ಸಿದ್ಧವಾಯಿತು.

ನಮ್ಮ ಹೆಣ್ಣುಮಕ್ಕಳೂ ಇಂದು ಕಂಪ್ಯೂಟರ್ ಭದ್ರತೆ ಓದುತ್ತಿದ್ದಾರೆ. ನಾಳೆ ಅವರಲ್ಲೊಬ್ಬಳು ಎದ್ದು ನಿಂತು 'ಇಲ್ಲಿ ತಪ್ಪಿದೆ' ಎಂದರೆ ಅವಳ ಕೈಗೆ ಸೀಮೆಸುಣ್ಣ ಕೊಡೋಣ, ಕೋಳವನ್ನಲ್ಲ.