ಚರ್ಮಕ್ಕೆ ಅಂಕ, ಕರುಳಿಗೆ ಬರೀ ಊಹೆಯೇ?

ಸಿಸ್ಟಮಿಕ್ ಸ್ಕ್ಲೆರೋಸಿಸ್ (ಸ್ಕ್ಲೆರೋಡರ್ಮಾ) ಬಂದವರ ಚರ್ಮ ಎಷ್ಟು ಗಡುಸಾಗಿದೆ ಎಂದು ತಿಳಿಯಲು ಯಂತ್ರವೇನೂ ಬೇಕಿಲ್ಲ. ಬೆರಳು, ತೋಳು, ಎದೆ, ತೊಡೆ ಎಂದು ಮೈಯ 17 ಕಡೆ ಚರ್ಮವನ್ನು ಚಿವುಟಿ ನೋಡಿ, ಸೊನ್ನೆಯಿಂದ 3ರವರೆಗೆ ಅಂಕ ಕೊಟ್ಟು ಕೂಡಿದರೆ ಮುಗಿಯಿತು. ಗರಿಷ್ಠ 51. ರಾಡ್ನನ್ ಅಂಕವೆಂದು ಹೆಸರಾದ ಈ ಅಳತೆ ಔಷಧ ಪ್ರಯೋಗಗಳಲ್ಲಿ ದಶಕಗಳಿಂದ ನಡೆದುಬಂದಿದೆ. ಆದರೆ ಇದೇ ರೋಗ ಬಹುಪಾಲು ಜನರಲ್ಲಿ ಅನ್ನನಾಳದಿಂದ ಗುದದವರೆಗೆ ಎಲ್ಲಾದರೂ ಒಂದು ಕಡೆ ಕೈಯಿಡುತ್ತದೆ. ಕರುಳನ್ನು ಚಿವುಟಲಾಗುವುದಿಲ್ಲ, ಸುಲಭವಾಗಿ ಅಳೆಯಲು ಬಾರದ್ದು ಹಿಂದೆ ಬಿತ್ತು.

ಗುಣವಾಗದ ಕಾಯಿಲೆಗೆ ಇನ್ನೊಂದು ಪರೀಕ್ಷೆಯ ಹಿಂಸೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕರುಳಿನ ಒತ್ತಡ ಅಳೆಯುವ ಮಾನೋಮೆಟ್ರಿ ಎಂದರೆ ಮೂಗಿನ ಮೂಲಕ ಸಣ್ಣ ಕರುಳಿನವರೆಗೆ ತೆಳು ನಳಿಕೆ ಇಳಿಸಿಕೊಂಡು ಗಂಟೆಗಟ್ಟಲೆ ಮಲಗಿರುವುದು.

ಆ ನಳಿಕೆ ಹೇಳುವ ಸಂಗತಿಯನ್ನು ಮಾತ್ರ ರೋಗಿಯ ಬಾಯಿಂದ ಪಡೆಯಲಾಗದು. ಹೊಟ್ಟೆ ಖಾಲಿ ಇದ್ದಾಗ, ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ, ಬಲವಾದ ಸಂಕೋಚನದ ಅಲೆಯೊಂದು ಉಳಿದ ಚೂರುಪಾರನ್ನೆಲ್ಲ ಗುಡಿಸಿಕೊಂಡು ಕರುಳಿನುದ್ದಕ್ಕೂ ಸಾಗುತ್ತದೆ. ಅದು ನಿಂತರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಉಬ್ಬರ, ಭೇದಿ, ತೂಕದ ಇಳಿತ ಹಿಂದೆಯೇ ಬರುತ್ತವೆ. ನರ ಕೆಟ್ಟಿದ್ದರೆ ಅಲೆಗಳಿಗೆ ಬಲವಿರುತ್ತದೆ, ಕ್ರಮವಿರುವುದಿಲ್ಲ. ಸ್ನಾಯುವೇ ಸವೆದಿದ್ದರೆ ಕ್ರಮವಿರುತ್ತದೆ, ಒತ್ತಡವಿರುವುದಿಲ್ಲ. ಎರಡೂ ಬಗೆಯ ರೋಗಿಗಳು ಹೇಳುವುದು ಒಂದೇ: ಹೊಟ್ಟೆ ಉಬ್ಬುತ್ತೆ, ಊಟ ಸೇರೋಲ್ಲ.

ಈ ವ್ಯತ್ಯಾಸಕ್ಕೆ ಬೆಲೆ ಇದೆಯೆಂದು ತೋರಿಸಿದ್ದು 1991ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಪುಟ್ಟ ಅಧ್ಯಯನ. ಅದರಲ್ಲಿದ್ದ ಸ್ಕ್ಲೆರೋಡರ್ಮಾ ರೋಗಿಗಳು ಐದೇ ಮಂದಿ. ಕರುಳಿನ ಚಲನೆ ಅಸ್ತವ್ಯಸ್ತವಾಗಿತ್ತು. ಆಕ್ಟ್ರಿಯೋಟೈಡ್ ಎಂಬ ಔಷಧ ಕೊಟ್ಟಾಗ ಕ್ರಮಬದ್ಧ ಅಲೆಗಳು ಎದ್ದವು. ಆರೋಗ್ಯವಂತರ ಅಲೆಯ ಸುಮಾರು ಮೂರನೇ ಎರಡರಷ್ಟು ಬಲವೂ ಅವುಗಳಿಗಿತ್ತು. ಮೂರು ವಾರ, ದಿನಾ ಸಂಜೆ 50 ಮೈಕ್ರೋಗ್ರಾಂ ಚುಚ್ಚಿದ ಮೇಲೆ ಉಸಿರಿನಲ್ಲಿ ಬ್ಯಾಕ್ಟೀರಿಯಾ ಬೆಳೆದುದರ ಕುರುಹಾದ ಹೈಡ್ರೋಜನ್ ಇಳಿಯಿತು, ವಾಕರಿಕೆ, ಉಬ್ಬರ ತಗ್ಗಿದವು. ಐದು ಜನರಿಂದ ಜಗತ್ತಿಗೆಲ್ಲ ನಿಯಮ ಬರೆಯಲಾಗದು, ಸರಿ. ಆದರೆ ಸತ್ತೇಹೋಗಿದೆ ಎನ್ನಬಹುದಾಗಿದ್ದ ಸ್ನಾಯು ಇನ್ನೂ ಕೆಲಸ ಮಾಡಬಲ್ಲದೆಂದು ಗೊತ್ತಾದದ್ದು ಅಳೆದದ್ದರಿಂದಲೇ.

ಹಾಗೆಂದು ಅಂಕಿಯೇ ಸರ್ವಸ್ವವಲ್ಲ. ಗುದದ ಒಳ ಸ್ನಾಯು ತೆಳುವಾಗಿ ಒತ್ತಡ ಕುಸಿದಿದ್ದರೂ ಕೆಲವರಿಗೆ ತೊಂದರೆಯೇ ಇರುವುದಿಲ್ಲ. ಮಲ ಸೋರಿ ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟವರು ಕೇಳದ ಹೊರತು ಬಾಯಿ ಬಿಡುವುದಿಲ್ಲ. ಅದಕ್ಕೆಂದೇ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ 34 ಪ್ರಶ್ನೆಗಳ ಪಟ್ಟಿಯಲ್ಲಿ ಸೋರಿಕೆಯ ಜೊತೆ ಮನಸ್ಸಿನ ಸ್ಥಿತಿ, ಜನರೊಡನೆ ಒಡನಾಟದ ಬಗೆಗೂ ಪ್ರಶ್ನೆಗಳಿವೆ. ನಳಿಕೆಯ ಕಾಟವಿಲ್ಲದೆ ಕರುಳಿನ ಅಲುಗಾಟವನ್ನು ಚಿತ್ರಿಸುವ ಎಂ.ಆರ್.ಐ. ವಿಧಾನವೂ ಬಂದಿದೆ.

ಎಲ್ಲರಿಗೂ ನಳಿಕೆ ಇಳಿಸಬೇಕಿಲ್ಲ. ಮೊದಲು ಪ್ರಶ್ನೆಪಟ್ಟಿ, ಉಸಿರಿನ ಪರೀಕ್ಷೆ ಸಾಕು. ತೂಕ ಇಳಿಯುತ್ತಲೇ ಇದ್ದು, ಪ್ರತಿಜೈವಿಕಕ್ಕೂ ಬಗ್ಗದೆ, ರಕ್ತನಾಳದ ಮೂಲಕ ಆಹಾರ ಕೊಡುವ ಮಾತು ಬಂದಾಗ, ಕೆಟ್ಟಿರುವುದು ನರವೋ ಸ್ನಾಯುವೋ ಎಂದು ನೋಡದೆ ಮುಂದುವರಿಯುವುದು ತಪ್ಪು.