ಅಚ್ಚುಕಟ್ಟಿನ ಋಣ

ಬೆಂಗಳೂರಿನ ಕತ್ರಿಗುಪ್ಪೆಗೆ ಹೊಂದಿಕೊಂಡಂತೆ ಚನ್ನಮ್ಮನಕೆರೆ ಅಚ್ಚುಕಟ್ಟು ಎಂಬ ಬಡಾವಣೆಯಿದೆ. ಅಲ್ಲಿನ ಪೊಲೀಸ್ ಠಾಣೆಯ ಹೆಸರೂ ಅದೇ. ಕೆರೆಯ ತೂಬಿನಿಂದ ಹರಿದ ನೀರು ತಲುಪುವಷ್ಟು ಭೂಮಿಗೆ ಅಚ್ಚುಕಟ್ಟು ಎನ್ನುತ್ತಾರೆ. ಇಂದು ಆ ಹೆಸರಿನ ಸ್ಥಳದಲ್ಲಿ ನೀರು ಹಾಯುವ ಗದ್ದೆಯಿಲ್ಲ, ಮೂರು ನಾಲ್ಕು ಅಂತಸ್ತಿನ ಮನೆಗಳ ಸಾಲುಗಳಿವೆ. ಕತ್ರಿಗುಪ್ಪೆಯಾಗಲಿ, ನೆರೆಯ ಇಟ್ಟಮಡು, ಹೊಸಕೆರೆಹಳ್ಳಿ, ಕದಿರೇನಹಳ್ಳಿಗಳಾಗಲಿ ಒಂದು ಕಾಲಕ್ಕೆ ಉತ್ತುಬಿತ್ತುವ ಊರುಗಳೇ ಆಗಿದ್ದವು. ವರ್ತುಲ ರಸ್ತೆಯ ಬದಿಗೆ ಬಿಗ್ ಬಜಾರ್ ಬಂದ ಮೇಲೆ ಜನರು ಅಲ್ಲಿನ ಕೂಡುರಸ್ತೆಯನ್ನೇ ಅದರ ಹೆಸರಿನಿಂದ ಕರೆಯತೊಡಗಿದರು. 2022ರಲ್ಲಿ ಆ ಸಂಸ್ಥೆಯ ವ್ಯಾಪಾರವೇ ದೇಶದಲ್ಲಿ ಮುಗಿಯಿತು. ಹೊಲವನ್ನು ನುಂಗಿದ ಬಡಾವಣೆಗೆ ತರಕಾರಿ ಎಲ್ಲಿಂದ ಬರಬೇಕು, ಆ ದಾರಿಯನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ದಕ್ಷಿಣ ಬೆಂಗಳೂರಿನ ಜೈನ ಕುಟುಂಬಗಳಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಸರ್ಕಾರವು ರೈತರಿಗೆ ಕೊಡುವ ನೆರವು ತೆರಿಗೆದಾರನ ಹಣದ ಅಪವ್ಯಯ. ಅಗ್ಗವಾದುದನ್ನು ಮಾರುಕಟ್ಟೆಯೇ ತಂದುಕೊಡುತ್ತದೆ ಎಂಬುದು ಒಂದು. ನೆಲವನ್ನು ಅಗೆಯುವ, ಕೀಟಗಳನ್ನು ಕೊಲ್ಲುವ ಕೃಷಿಯು ಹಿಂಸೆಯ ಉದ್ಯೋಗ. ಅದಕ್ಕೆ ಬೆಂಬಲ ಕೊಡುವುದು ಶ್ರಾವಕನ ಕೆಲಸವಲ್ಲ ಎಂಬುದು ಇನ್ನೊಂದು. ಎರಡನೆಯದು ಧರ್ಮದ ವೇಷ ತೊಟ್ಟು ಬರುವುದರಿಂದ ಅದನ್ನೇ ಮೊದಲು ಪರೀಕ್ಷಿಸಬೇಕು.

ಕರ್ಮಭೂಮಿಯ ಆದಿಯಲ್ಲಿ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದವನು ಆದಿನಾಥನೇ. ಆರರಲ್ಲಿ ವಾಣಿಜ್ಯವನ್ನು ಉಳಿಸಿಕೊಂಡು ಕೃಷಿಯನ್ನು ಹೊರಗೆ ನಿಲ್ಲಿಸಲು ಯಾವ ಪುರಾಣದ ಆಧಾರವಿದೆ? ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದರು. ಉಳಿದವುಗಳಲ್ಲಿ ಎಚ್ಚರವನ್ನು ವಿಧಿಸಿದರು. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಸೀಮೆಗಳ ಅಸಂಖ್ಯ ಜೈನ ಕುಟುಂಬಗಳು ಇಂದಿಗೂ ನೇಗಿಲನ್ನು ನಂಬಿ ಬದುಕಿವೆ. ಅವರ ಅಣುವ್ರತವು ನಗರದ ವರ್ತಕನ ಅಣುವ್ರತಕ್ಕಿಂತ ಕಡಿಮೆಯದೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಅನ್ನವನ್ನು ಉಣ್ಣುತ್ತಾ ಅದನ್ನು ಬೆಳೆದವನ ತಲೆಗೆ ಹಿಂಸೆಯ ಲೆಕ್ಕವನ್ನು ಕಟ್ಟುವುದು ಅಹಿಂಸೆಯಾಗದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿ ಒಂದರಿಂದಲಾದರೂ ಆ ಲೆಕ್ಕ ಉಣ್ಣುವವನ ಮನೆಯನ್ನೂ ಹೊಕ್ಕೇ ಹೊಗುತ್ತದೆ.

ಕಂದಮೂಲಗಳನ್ನು ವರ್ಜಿಸುವ ಕುಟುಂಬವು ಸಮೀಪದ ರೈತನಿಗೆ ಬೇರೆಲ್ಲರಿಗಿಂತ ಹೆಚ್ಚು ಋಣಿಯಾಗಿದೆ ಎಂಬುದನ್ನಂತೂ ಯಾರೂ ಗಮನಿಸಿದಂತಿಲ್ಲ. ಈರುಳ್ಳಿ ನಾಸಿಕದಿಂದಲೂ ಆಲೂಗಡ್ಡೆ ಆಗ್ರಾದಿಂದಲೂ ಲಾರಿಯಲ್ಲಿ ಬಂದು ವಾರಗಟ್ಟಲೆ ಕೆಡದೆ ಇರಬಲ್ಲವು. ಹೀರೆ, ಬೆಂಡೆ, ಹುರುಳಿಕಾಯಿ, ಸೊಪ್ಪುಗಳಿಗೆ ಆ ಆಯುಸ್ಸಿಲ್ಲ. ಅವು ಮಾಗಡಿ, ಕನಕಪುರ, ಆನೇಕಲ್, ಹೊಸಕೋಟೆ, ಮಾಲೂರುಗಳಿಂದ ರಾತ್ರಿ ಹೊರಟು ಬೆಳಗಿಗೆ ಅಡುಗೆಮನೆ ಸೇರಬೇಕು. ಮುನಿಗಳ ಆಹಾರಕ್ಕೆ ಸಿದ್ಧಮಾಡುವ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಗಳು, ಕಾಯಿಪಲ್ಯ ಯಾವ ಹೊಲದ್ದು, ಎಂದು ಕೊಯ್ದದ್ದು ಎಂದು ಕೇಳುವುದಿಲ್ಲವೇಕೆ? ಸುತ್ತಲಿನ ತಾಲ್ಲೂಕುಗಳ ತೋಟಗಳು ನಿವೇಶನಗಳಾಗಿ ಮುಗಿದ ದಿನ ಜೈನ ಪಾಕಶಾಲೆಯ ಕಷ್ಟವೇ ಮೊದಲು ಗೋಚರಿಸುವುದು.

ಇನ್ನು ಅಪವ್ಯಯದ ಮಾತು. ಕತ್ರಿಗುಪ್ಪೆಯ ನಲ್ಲಿಗೆ ಬರುವ ಕಾವೇರಿಯು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬರುತ್ತದೆ. ಆ ಏರ್ಪಾಟನ್ನು ಕಟ್ಟಲು ಸುರಿದ ಸಾರ್ವಜನಿಕ ಧನವನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ನಗರವು ಬಳಸಿ ಬಿಟ್ಟ ನೀರನ್ನು 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಒಣಗಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೇರಿತು. ಇದು ನಿಜ, ಉಪಕಾರವೂ ಹೌದು. ಆದರೆ ನದಿಯ ನೀರು ನಗರಕ್ಕೆ, ನಗರದ ಕೊಳೆನೀರು ಹೊಲಕ್ಕೆ ಎಂಬ ಈ ಹಂಚಿಕೆಯಲ್ಲಿ ನೆರವು ಪಡೆದವರು ಯಾರು? ಮೂರನೇ ಹಂತದ ಶುದ್ಧೀಕರಣವನ್ನು ಕೋಲಾರದವರು ಬೇಡುತ್ತಲೇ ಬಂದಿದ್ದಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಸಮಾಜ ಆ ಬೇಡಿಕೆಗೆ ದನಿಗೂಡಿಸಿದ್ದು ಕಾಣದು.

ಸರ್ಕಾರವು ಏನನ್ನೂ ಮಾಡಿಲ್ಲವೆಂದಲ್ಲ. ಹಾಲಿಗೆ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನವಿದೆ. ರಾಗಿಗೆ 2025-26ರಲ್ಲಿ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆಯಿದ್ದು, ಖರೀದಿಸಿದ ರಾಗಿ ಪಡಿತರದಲ್ಲಿ ಜನರಿಗೇ ಮರಳುತ್ತದೆ. ಹಣ್ಣು ತರಕಾರಿಗಳಿಗೆ ಅಂಥ ಆಸರೆಯಿಲ್ಲ. ಬೆಲೆ ಕುಸಿದ ವರ್ಷ ಕೋಲಾರದ ರೈತ ಟೊಮೆಟೊವನ್ನು ರಸ್ತೆಗೆ ಸುರಿಯುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಮರುದಿನ ಮರೆತುಹೋಗುತ್ತದೆ. ನೆರೆಯ ಕೇರಳವು 2020ರ ನವೆಂಬರ್‌ನಲ್ಲಿ 16 ಬೆಳೆಗಳಿಗೆ, ಉತ್ಪಾದನಾ ವೆಚ್ಚದ ಮೇಲೆ ಶೇಕಡ 20 ಸೇರಿಸಿ, ಮೂಲಬೆಲೆಯನ್ನು ಘೋಷಿಸಿತು. ಕರ್ನಾಟಕಕ್ಕೆ ಅದು ಅಸಾಧ್ಯವೆಂದು ಹೇಳುವವರು ಇಲ್ಲಿಯೇ 1959ರಲ್ಲಿ ನಡೆದುದನ್ನು ನೆನೆಯಬೇಕು.

ಆ ವರ್ಷ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘವೊಂದನ್ನು ಕಟ್ಟಿದರು. ಅದೇ ಬೆಳೆದು ಇಂದಿನ ಹಾಪ್‌ಕಾಮ್ಸ್ ಆಯಿತು. ಅದರ ಹಿರಿಮೆ ಹಸಿರು ಮಳಿಗೆಗಳಲ್ಲಿಲ್ಲ. ಬೆಲೆಯನ್ನು ದಿನವೂ ಪ್ರಕಟಿಸಿ, ತೂಕಕ್ಕೆ ಮೋಸವಿಲ್ಲದೆ, ದಲ್ಲಾಳಿಯಿಲ್ಲದೆ ಕೊಳ್ಳುವ ಪದ್ಧತಿಯಲ್ಲಿದೆ. ಮಂಡಿಗಳಲ್ಲಿ ರೈತನಿಂದಲೇ ದಲ್ಲಾಳಿ ಹಣ ಮುರಿದು ಬಿಳಿ ಚೀಟಿ ಬರೆದುಕೊಡುವ ರೂಢಿಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಹೀನಾಧಿಕ ಮಾನೋನ್ಮಾನ, ಅಂದರೆ ಕೊಳ್ಳುವಾಗ ಒಂದು ತೂಕ, ಮಾರುವಾಗ ಒಂದು ತೂಕ, ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಆ ಅತಿಚಾರಕ್ಕೆ ಅವಕಾಶವಿಲ್ಲದ ವ್ಯಾಪಾರವೊಂದು ಬೀದಿಯ ಮೂಲೆಯಲ್ಲಿದ್ದರೂ ಅದನ್ನು ದಾಟಿಕೊಂಡು ಹೋಗಿ, ಮನೆಬಾಗಿಲಿಗೆ ಹತ್ತು ನಿಮಿಷದಲ್ಲಿ ತಲುಪಿಸುವ ಕಂಪನಿಗೆ ಮೊಬೈಲಿನಲ್ಲಿ ಹೇಳಿಕಳುಹಿಸುವುದು ಇಂದಿನ ಶ್ರಾವಕರ ನಡೆ. ಹಾಪ್‌ಕಾಮ್ಸ್ ಮಳಿಗೆಗಳು ಕಡಿಮೆಯಾಗಿವೆ. ಸರಕು ಬಾಡಿರುತ್ತದೆ, ಆಯ್ಕೆ ಸಾಲದು ಎಂಬ ದೂರುಗಳಲ್ಲಿ ಹುರುಳಿಲ್ಲದಿಲ್ಲ. ಬಂಡವಾಳವಿಲ್ಲದೆ, ಶೀತಲ ವ್ಯವಸ್ಥೆಯಿಲ್ಲದೆ ಬಾಡದೆ ಇನ್ನೇನಾದೀತು? ಸರ್ಕಾರ ಹಣ ಕೊಡದೆ ಸೊರಗಿಸಿ, ಗ್ರಾಹಕನು ಕೊಳ್ಳದೆ ಸೊರಗಿಸಿ, ಕಡೆಗೆ ಇಬ್ಬರೂ ಕೂಡಿ ಸಹಕಾರವು ಸೋತಿತೆಂದು ತೀರ್ಪು ಕೊಡುವುದು ನ್ಯಾಯವಲ್ಲ.

ಶ್ರೀಮಂತ ಕುಟುಂಬಗಳಿಗೆ ಹೇಳಲೇಬೇಕಾದ ಕಹಿಮಾತೊಂದಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಆದಾಯದ ಮಿತಿಯಿಲ್ಲದೆ ಕೃಷಿಭೂಮಿಯನ್ನು ಕೊಳ್ಳಲು ದಾರಿ ತೆರೆಯಿತು. ಉಳುವ ಉದ್ದೇಶವಿಲ್ಲದೆ, ಬೆಲೆ ಏರಲೆಂದು ಬೇಲಿ ಹಾಕಿಸಿ ಪಾಳು ಬಿಟ್ಟ ಹೊಲಗಳ ಒಡೆಯರಲ್ಲಿ ಜೈನರು ಇಲ್ಲವೇ? ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಹೇಳುವ ಸೂತ್ರವು ಬಂಗಾರಕ್ಕಿಂತ ಮೊದಲು, ಮನೆಗಿಂತಲೂ ಮೊದಲು ಎತ್ತಿಕೊಳ್ಳುವ ಹೆಸರು ಕ್ಷೇತ್ರ. ಕ್ಷೇತ್ರವೆಂದರೆ ಹೊಲ. ಉಳುಮೆ ಹಿಂಸೆಯೆಂದು ಅಂಜುವವನು, ಉಳುವವನ ಕೈಯಿಂದ ಹೊಲವನ್ನು ಬಿಡಿಸಿಕೊಳ್ಳಲು ಅಂಜದಿರುವುದು ವಿಚಿತ್ರ.

ಬಸದಿಗಳ ಟ್ರಸ್ಟುಗಳು ತಮ್ಮ ಚರಿತ್ರೆಯನ್ನೇ ನೋಡಬಹುದು. ಹೊಯ್ಸಳರ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ ಒಂದನೇ ನರಸಿಂಹನು ಅದಕ್ಕೆ ಸವಣೇರು ಗ್ರಾಮವನ್ನು ದತ್ತಿ ಬಿಟ್ಟನು. ಗದ್ದೆ ಬೆದ್ದಲುಗಳ ಇಂಥ ದತ್ತಿಗಳು ನಾಡಿನ ಶಾಸನಗಳಲ್ಲಿ ಹೇರಳವಾಗಿವೆ. ಪೂಜೆ ಮತ್ತು ಆಹಾರದಾನ ನಡೆಯುತ್ತಿದ್ದುದು ಹತ್ತಿರದ ಮಣ್ಣಿನಿಂದ. ರಾಜಾಶ್ರಯವೆಂದರೆ ಸುತ್ತಲಿನ ಬೇಸಾಯ ನಡೆಯುವಂತೆ ನೋಡುವುದೂ ಆಗಿತ್ತು. ಇಂದಿನ ಟ್ರಸ್ಟು ಬ್ಯಾಂಕಿನ ಠೇವಣಿಯ ಬಡ್ಡಿಯಿಂದ, ಸಗಟು ಅಂಗಡಿಯ ಅತಿ ಕಡಿಮೆ ದರಪಟ್ಟಿಯನ್ನು ಒಪ್ಪಿ ದಾಸೋಹ ನಡೆಸುತ್ತದೆ. ದಾನದ ಊಟವು ಬೆಳೆದವನ ನಷ್ಟದಲ್ಲಿ ಬೇಯಬಾರದೆಂಬ ವಿವೇಕ ಆ ದರಪಟ್ಟಿಯಲ್ಲಿ ಕಾಣದು.

ಬ್ರೆಜಿಲ್ ದೇಶವು 2009ರ ಕಾನೂನಿನಲ್ಲಿ, ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30ನ್ನು ಸಣ್ಣ ಕೃಷಿ ಕುಟುಂಬಗಳಿಂದ ಕೊಳ್ಳಲು ಮೀಸಲಿಟ್ಟಿತು. ಕರ್ನಾಟಕದಲ್ಲಿ ಬಿಸಿಯೂಟವಿದೆ, ಹಾಸ್ಟೆಲುಗಳಿವೆ, 2017ರಿಂದ ಇಂದಿರಾ ಕ್ಯಾಂಟೀನುಗಳಿವೆ. ಇವುಗಳ ತರಕಾರಿಯಲ್ಲಿ ಇಷ್ಟು ಪಾಲು ಸಹಕಾರ ಸಂಘಗಳ ಮೂಲಕವೇ ಬರಬೇಕೆಂಬ ಶಾಸನವನ್ನು ಕೇಳಲು ಸಮಾಜಕ್ಕೆ ಅಧಿಕಾರವಿದೆ, ಕೇಳುವ ಮೊದಲು ತಾನು ಹಾಗೆ ಕೊಳ್ಳಬೇಕಷ್ಟೆ. ಪ್ರತಿ ಟ್ರಸ್ಟಿಗೂ ದಶಲಕ್ಷಣ ಪರ್ವಕ್ಕೆ ಬೇಕಾಗುವ ಸೋರೆ, ಹೀರೆ, ಬಾಳೆಕಾಯಿ, ಕುಂಬಳಗಳ ಅಂದಾಜು ಹಿಂದಿನ ವರ್ಷದ ಲೆಕ್ಕದಲ್ಲಿಯೇ ಇದೆ. ಅದನ್ನು ಹಾಪ್‌ಕಾಮ್ಸ್‌ಗೋ ತಾಲ್ಲೂಕಿನ ಬೆಳೆಗಾರರ ಸಂಘಕ್ಕೋ ಬರಹದಲ್ಲಿ, ದರವನ್ನೂ ಒಪ್ಪಿ, ಮುಂಗಡದೊಡನೆ ಕೊಡಬಹುದು. ಸೋರೆಬಳ್ಳಿ ಕಾಯಿಬಿಡಲು ಸುಮಾರು ಎರಡು ತಿಂಗಳು ಬೇಕು. ಭಾದ್ರಪದದ ಪರ್ವಕ್ಕೆ ಬೀಜ ಆಷಾಢದಲ್ಲೇ ಬೀಳಬೇಕು, ಆದ್ದರಿಂದ ಪತ್ರವು ಜ್ಯೇಷ್ಠದೊಳಗೆ ರೈತನ ಕೈ ಸೇರಬೇಕು.